ಇಟಲಿ ತಳಿಯ ಒಲೆ

ಒಂದು ಇಂಚಿಗಿಂತ ಸ್ವಲ್ಪ ಕಡಿಮೆ ಉದ್ದ, ಪೆನ್ಸಿಲ್ಲಿನಷ್ಟು ದಪ್ಪ, ಕಂದು ಬಣ್ಣ, ಒಂದು ತುದಿ ಮುರಿದಿದೆ. ಮೂಸಿದರೆ ಹಳೆಯ ಬೆಲ್ಲದ ವಾಸನೆ. ಮೊನ್ನೆ ಸ್ವೆಟರಿನ ಜೇಬಿಗೆ ಕೈ ಹಾಕಿದಾಗ ಇದು ಸಿಕ್ಕಿತು. ಕಳೆದ ವರ್ಷದ ಮಾಗಿಯಿಂದ ಅಲ್ಲೇ ಇದ್ದಿರಬೇಕು. ಬೆಂಗಳೂರಿನಲ್ಲಿ ಸ್ವೆಟರು ವರ್ಷಕ್ಕೆ ಮೂರು ವಾರ ಹೊರಗೆ ಬರುತ್ತದೆ; ಉಳಿದ ಕಾಲವೆಲ್ಲ ಬೀರುವಿನಲ್ಲಿ ನುಸಿಗುಳಿಗೆಯ ಜೊತೆ ತಪಸ್ಸು ಮಾಡುತ್ತದೆ.

ಅಮ್ಮ ನೋಡಿ, "ಇನ್ನೂ ಇದೆಯಾ ಇದು? ಎಸಿಯೇ ಆಚೆಗೆ" ಅಂದಳು. ನಾನು ಎಸೆಯಲಿಲ್ಲ. ಯಾಕೆ ಎಂದು ಅಮ್ಮ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಮ್ಮ ಮನೆಯಲ್ಲಿ ಇವೆರಡೂ ರೂಢಿಯಲ್ಲಿಲ್ಲ. ನಿಮಗಾದರೆ ಹೇಳಬಹುದು. ನೀವು ನನ್ನ ಎದುರಿಗೆ ಕೂತಿಲ್ಲ.

ಬೆಂಗಳೂರಿನವರಿಗೆ ಚಳಿ ಎನ್ನುವುದು ಒಂದು ಸಾಮಾಜಿಕ ಕರ್ತವ್ಯ. ಗಾಳಿ ಸ್ವಲ್ಪ ತಣ್ಣಗಾದರೆ ಸಾಕು, ನಮ್ಮ ಚಂದ್ರಾ ಲೇಔಟಿನ ಪಾರ್ಕಿನಲ್ಲಿ ಮಂಕಿಕ್ಯಾಪುಗಳು ವಾಕಿಂಗ್ ಶುರುಮಾಡುತ್ತವೆ. ಒಳಗೆ ಯಾರಿದ್ದಾರೆಂದು ತಿಳಿಯಬೇಕಾದರೆ ಅವು ಬಾಯಿಬಿಟ್ಟು "ಏನ್ ಚಳಿ ಅಲ್ವಾ ಸಾರ್" ಅನ್ನುವವರೆಗೂ ಕಾಯಬೇಕು. ಹತ್ತು ಗಂಟೆಗೆ ಅದೇ ಮಂಕಿಕ್ಯಾಪುಗಳು ದರ್ಶಿನಿಯ ಮುಂದೆ ನಿಂತು ಬೆವರು ಒರೆಸಿಕೊಳ್ಳುತ್ತವೆ. ಇಂಥ ಊರಿನಲ್ಲಿ ನಾನು ಒಂದು ಕೋಣೆ ಬೆಚ್ಚಗಿಡಲು ಹಿಮ ಬೀಳುವ ದೇಶದ ಒಲೆಯೊಂದನ್ನು, ಅದೂ ಸೆಕೆಂಡ್ ಹ್ಯಾಂಡ್, ಕೊಂಡು ತಂದೆ. ನಾನು ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ದಹನಕ್ರಿಯೆ ನನ್ನ ಪ್ರಿಯವಾದ ಅಧ್ಯಾಯ. ಈ ವಿವರವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಮುಂದೆ ನನ್ನನ್ನು ಹಂಗಿಸಲು ಬೇಕಾಗುತ್ತದೆ.

ಮನೆಯಲ್ಲಿ ನಾವು ಮೂವರು: ಅಜ್ಜಿ, ಅಮ್ಮ, ನಾನು. ಅಪ್ಪ ಕೆಲಸದ ಮೇಲೆ ತುಮಕೂರಿನಲ್ಲಿದ್ದು, ಶನಿವಾರ ಅತಿಥಿಯಂತೆ ಬಂದು ಸೋಮವಾರ ಮಾಯವಾಗುತ್ತಾರೆ. ಅಜ್ಜಿ ಅಪ್ಪನ ತಾಯಿ, ಹರಿಹರದ ಕಡೆಯವಳು. ದಿನಾ ಬೆಳಗ್ಗೆ ಐದಕ್ಕೆ ಸ್ನಾನ ಮುಗಿಸಿ, ಹಣೆಗೆ ಮೂರು ಬೆರಳಿನ ವಿಭೂತಿ ಎಳೆದು, ಕೊರಳಿನ ಕರಡಿಗೆ ಬಿಚ್ಚಿ ಇಷ್ಟಲಿಂಗ ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡು ಪೂಜೆಗೆ ಕೂರುತ್ತಾಳೆ. ನನಗೆ ಬುದ್ಧಿ ಬಂದಾಗಿನಿಂದ ಒಂದು ದಿನವೂ ತಪ್ಪಿದ್ದು ಕಂಡಿಲ್ಲ.

ಕಳೆದ ವರ್ಷದ ಡಿಸೆಂಬರಿನ ಒಂದು ಬೆಳಗ್ಗೆ ನೀರು ಕುಡಿಯಲು ಎದ್ದವಳು ಪೂಜೆಕೋಣೆಯ ಪರದೆಯ ಸಂದಿಯಿಂದ ಒಳಗೆ ನೋಡಿದೆ. ಅಜ್ಜಿಯ ಎಡಗೈ ನಡುಗುತ್ತಿತ್ತು. ನೋಡುತ್ತಿದ್ದಂತೆಯೇ ಲಿಂಗ ಅಂಗೈಯಿಂದ ಜಾರಿ ನೆಲಕ್ಕೆ ಬಿತ್ತು. ಟಕ್ ಎಂದು ಒಂದು ಸಣ್ಣ ಸದ್ದು, ಅಷ್ಟೆ. ನಮ್ಮವರಲ್ಲಿ ಲಿಂಗ ಕೈತಪ್ಪುವುದು ಲೋಟ ಕೈತಪ್ಪಿದ ಹಾಗಲ್ಲ. ಅಜ್ಜಿ ಅದನ್ನು ತಟಕ್ಕನೆ ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡು, ಕಳ್ಳತನ ಮಾಡಿದವಳ ಹಾಗೆ ಹಿಂದೆ ತಿರುಗಿ ನೋಡಿದಳು. ನಾನು ಸರಿದುಕೊಂಡೆ.

ಅಂದು ಇಡೀ ದಿನ ಅಜ್ಜಿ, "ಹೊಟ್ಟಿ ಸರಿ ಇಲ್ಲ" ಎಂದು ಊಟ ಬಿಟ್ಟಳು. ಮರುದಿನದಿಂದ ಪೂಜೆಗೆ ಕೂರುವಾಗ ಬಿಳಿ ಟವಲೊಂದನ್ನು ನಾಲ್ಕು ಮಡಿಕೆ ಮಾಡಿ ಮಡಿಲಲ್ಲಿ ಹಾಸಿಕೊಳ್ಳತೊಡಗಿದಳು. ಅಮ್ಮ ಕೇಳಿದರೆ, "ನೀರು ಚೆಲ್ತೈತವ್ವ" ಅಂದಳು. ಅಷ್ಟು ವರ್ಷ ಚೆಲ್ಲದ ನೀರು! ಅಜ್ಜಿಗೆ ತನ್ನ ಕೈಮೇಲೆ ನಂಬಿಕೆ ಹೋಗಿದೆ ಎಂದು ನನಗೆ ಮಾತ್ರ ಗೊತ್ತಿತ್ತು.

ಬೇರೆ ಯಾರೇ ಆಗಿದ್ದರೂ ಹತ್ತಿರ ಹೋಗಿ, "ಅಜ್ಜಿ, ಕೈಗೇನಾಗಿದೆ?" ಎಂದು ಕೇಳುತ್ತಿದ್ದರು. ನಾನು ಎಂಎಸ್ಸಿ ಮಾಡಿದವಳು, ಹಾಗೆಲ್ಲ ಕೇಳುವುದಿಲ್ಲ. ಚಳಿಗೆ ಕೈ ಮರಗಟ್ಟುತ್ತದೆ. ಮರಗಟ್ಟಿದ ಕೈ ನಡುಗುತ್ತದೆ. ಆದ್ದರಿಂದ ಕೋಣೆ ಬೆಚ್ಚಗಾಗಬೇಕು. ಮೂರು ಸಾಲಿನ ಉತ್ತರ, ಐದಕ್ಕೆ ಐದು ಅಂಕ. ಮನೆಯಲ್ಲಿ ಮಾತ್ರ, "ನನಗೆ ತುಂಬಾ ಚಳಿ" ಎಂದು ಸಾರಿದೆ.

ಕರೆಂಟಿನ ಹೀಟರು ತರಬಹುದಿತ್ತಲ್ಲ ಎನ್ನುತ್ತೀರಿ. ನಮ್ಮ ಮನೆಯ ವೈರಿಂಗು ನನಗಿಂತ ಹಿರಿಯದು. ಗೀಸರಿನ ಜೊತೆ ಇನ್ನೇನು ಹಾಕಿದರೂ ಮುನಿಸಿಕೊಂಡು ಫ್ಯೂಸು ಹಾರಿಸುತ್ತದೆ. ಇದ್ದಿಲಿನ ಅಗ್ಗಿಷ್ಟಿಕೆಯ ವಿಷಾನಿಲದ ಬಗ್ಗೆ ನಾನೇ ತರಗತಿಯಲ್ಲಿ ಮಕ್ಕಳನ್ನು ಹೆದರಿಸುತ್ತೇನೆ. ಇದಕ್ಕೆಲ್ಲ ಮಿಗಿಲಾಗಿ, ಕೆಂಪಗೆ ಕಾಯುವ ಕಡ್ಡಿಯನ್ನು ಅಜ್ಜಿ ಬೆಂಕಿ ಎಂದು ಒಪ್ಪುವುದೇ ಇಲ್ಲ.

ಬೆಂಕಿ ಎಂದರೆ ಏನೆಂದು ಅಜ್ಜಿಗೆ ಖಚಿತವಾದ ಅಭಿಪ್ರಾಯವಿದೆ. ಚಿಕ್ಕಂದಿನಲ್ಲಿ ಬೇಸಿಗೆ ರಜೆಗೆ ಅಜ್ಜಿಯ ಊರಿಗೆ ಹೋದಾಗ ಆಕೆಯ ಬಚ್ಚಲಿನ ಹಂಡೆಯ ಒಲೆಯ ಮುಂದೆ ನಾನು ಗಂಟೆಗಟ್ಟಲೆ ಕೂರುತ್ತಿದ್ದೆ. ಉರುವಲೆಂದರೆ ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡು. ಒಂದೊಂದೇ ಬೆಂಡು ಒಳಗೆ ತಳ್ಳುವುದು, ಅದು ಮೊದಲು ಮುಳ್ಳುಮುಳ್ಳಾಗಿ ಕೆಂಪಗಾಗಿ ಆಮೇಲೆ ಮೆತ್ತಗೆ ಕುಸಿಯುವುದನ್ನು ನೋಡುವುದು. ಕುಸಿದ ಬೂದಿಯನ್ನು ಬೆರಳಲ್ಲಿ ಮುಟ್ಟಿ, ಇದೇ ವಿಭೂತಿಯೇನೋ ಎಂದು ಹಣೆಗೆ ಬಳಿದುಕೊಂಡು ಅಜ್ಜಿಯ ಕೈಲಿ ಬೈಸಿಕೊಂಡಿದ್ದೇನೆ. ಮುಂದೆ ಅಜ್ಜಿ ನಮ್ಮ ಮನೆಗೇ ಬಂದಳು. ದಿನಾ ಶಾಲೆಗೆ ಹೊರಡುವಾಗ ನಿಜವಾದ ವಿಭೂತಿಯನ್ನೇ ನನ್ನ ಹಣೆಗೆ ಎಳೆಯುತ್ತಿದ್ದಳು. ನಾನು ರಸ್ತೆಯ ತಿರುವು ದಾಟಿದ ಕೂಡಲೇ, ಶಾಲೆಯ ವ್ಯಾನು ಬರುವ ಮುಂಚೆ, ಕರ್ಚೀಫಿನಿಂದ ಒರೆಸಿಬಿಡುತ್ತಿದ್ದೆ. ಕರ್ಚೀಫು ಒಗೆಯುತ್ತಿದ್ದವಳು ಅಜ್ಜಿಯೇ. ಅದರ ಮೇಲಿನ ಬಿಳಿ ಗೆರೆಗಳ ಬಗ್ಗೆ ಆಕೆ ಒಂದು ದಿನವೂ ಕೇಳಲಿಲ್ಲ. ಕೇಳದಿರುವುದು ನಮ್ಮಲ್ಲಿ ವಂಶಪಾರಂಪರ್ಯ. ನನಗೆ ಕೊಡಿಸಿದ್ದ ಲಿಂಗ ಈಗ ಬೀರುವಿನ ಡ್ರಾಯರಿನಲ್ಲಿ, ಸತ್ತ ಟಾರ್ಚ್ ಸೆಲ್ಲುಗಳ ಪಕ್ಕದಲ್ಲಿದೆ. ಅದನ್ನೂ ಯಾರೂ ಕೇಳಿಲ್ಲ.

ಒಲೆ ಸಿಕ್ಕಿದ್ದು ನಾಯಂಡಹಳ್ಳಿಯ ಒಂದು ಗೋದಾಮಿನಲ್ಲಿ. ಮುಚ್ಚಿಹೋದ ಹೋಟೆಲುಗಳ ಸಾಮಾನೆಲ್ಲ ಅಲ್ಲಿಗೆ ಬರುತ್ತವೆ. ದೋಸೆ ಕಾವಲಿಗಳು, ಗ್ರೈಂಡರುಗಳು, ಕಾಲು ಮುರಿದ ಮೇಜುಗಳ ನಡುವೆ, ಗಾಜಿನ ಬಾಗಿಲಿದ್ದ ಕಪ್ಪು ಪೆಟ್ಟಿಗೆಯೊಂದು ಮದುವೆಮನೆಯಲ್ಲಿ ಪರಿಚಯದವರಿಲ್ಲದ ಅತಿಥಿಯಂತೆ ನಿಂತಿತ್ತು. ಗೋದಾಮಿನ ಮಾಲೀಕ ಸಲೀಂ ಅದರ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದರು.

"ಊಟಿ ಕಡೆ ಒಂದು ರೆಸಾರ್ಟು ಮುಚ್ತು ಮೇಡಂ, ಅಲ್ಲಿಂದ ಬಂದಿದ್ದು. ರೂಮು ಬಿಸಿ ಮಾಡೋ ಒಲೆ. ಇಟಲಿ ಮಾಲು."

"ಕೆಲಸ ಮಾಡುತ್ತಾ ಅಣ್ಣ?"

"ಮಾಡುತ್ತೆ ಅಂತಾನೇ ತಗೊಂಡೆ. ನಮ್ಮೂರಲ್ಲಿ ಇದು ಯಾರಿಗೆ ಬೇಕು ಅನ್ನೋ ಯೋಚ್ನೆ ಆಮೇಲ್ ಬಂತು." ಸ್ವಲ್ಪ ತಡೆದು, "ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಮನೇಲಿ ಫಾರಿನ್ನೋರು ಇದಾರಾ?"

"ಇಲ್ಲ. ಅಜ್ಜಿ ಇದಾರೆ."

"ಎಲ್ಲಿಯೋರು?"

"ಹರಿಹರ."

ಸಲೀಂ ತಲೆ ಕೆರೆದುಕೊಂಡರು. "ಅಲ್ಲಿ ಬಿಸ್ಲಲ್ವಾ ಮೇಡಂ?"

ಒಲೆಯ ಜೊತೆಗೆ ಅರ್ಧ ಚೀಲ ಪೆಲೆಟ್ಟನ್ನೂ ಕೊಟ್ಟರು. ಪೆಲೆಟ್ಟೆಂದರೆ ಮರದ ಹೊಟ್ಟನ್ನು ಒತ್ತಿ ಮಾಡಿದ ಸಣ್ಣ ಕಡ್ಡಿ. ಒಲೆಯ ತಲೆಯ ಮೇಲಿನ ತೊಟ್ಟಿಗೆ ಅದನ್ನು ಸುರಿದರೆ, ಒಳಗಿನ ತಿರುಪು ಒಂದು ಹಿಡಿ ಒಂದು ಹಿಡಿಯಾಗಿ ಕೆಳಗಿನ ಬೆಂಕಿಬಟ್ಟಲಿಗೆ ಬೀಳಿಸುತ್ತದೆ, ಫ್ಯಾನು ಬಿಸಿಗಾಳಿ ಊದುತ್ತದೆ, ಹೊಗೆ ಕೊಳವೆಯಲ್ಲಿ ಹೊರಗೆ ಹೋಗುತ್ತದೆ. ಗೀಸರಿನ ಹಾಗೆ ಕರೆಂಟು ಕುಡಿಯುವುದಿಲ್ಲ, ಹೊಗೆ ಒಳಗಿಲ್ಲ, ಗಾಜಿನ ಹಿಂದೆ ನಿಜವಾದ ಬೆಂಕಿ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಒಲೆ ಇಲ್ಲ.

ಒಲೆಯನ್ನು ಪೂಜೆಕೋಣೆಯ ಬಾಗಿಲ ಪಕ್ಕದಲ್ಲಿ ಕೂರಿಸಿ, ಕೊಳವೆಯನ್ನು ಗೋಡೆಯ ಗವಾಕ್ಷಿಯಿಂದ ಹೊರಗೆ ಬಿಟ್ಟೆವು. ಹೊಸ ಒಲೆ ಎಂದಮೇಲೆ ಹಾಲುಕ್ಕಿಸದೆ ಇರಲು ಅಮ್ಮ ಒಪ್ಪಲಿಲ್ಲ. ಅರಿಶಿನ ಕುಂಕುಮ ಹಚ್ಚಿ, ಪಾತ್ರೆ ಇಡಲು ಜಾಗ ಹುಡುಕಿದಳು. ಇಟಲಿಯವರು ಹಾಲುಕ್ಕಿಸುವ ಬಗ್ಗೆ ಯೋಚಿಸಿರಲಿಲ್ಲ. ಕೊನೆಗೆ ತೊಟ್ಟಿಯ ಮುಚ್ಚಳದ ಮೇಲೆಯೇ ಬಟ್ಟಲಿಟ್ಟು ಕಾದೆವು. ಅರ್ಧ ಗಂಟೆ ಕಳೆಯಿತು, ಒಂದು ಗಂಟೆ ಕಳೆಯಿತು. ಹಾಲು ಉಗುರುಬೆಚ್ಚಗಾಗಿ, ಅದೇ ತನ್ನ ಜೀವನದ ಗುರಿ ಎಂಬಂತೆ ಅಲ್ಲೇ ನಿಂತಿತು. ಅಮ್ಮ ಬೇಸತ್ತು ಅದಕ್ಕೆ ಹೆಪ್ಪು ಹಾಕಿದಳು. ಸಂಜೆಗೆ ಗಡ್ಡೆಯಂಥ ಮೊಸರು.

"ಚಳಿಗಾಲದಲ್ಲಿ ಇಷ್ಟು ಚೆನ್ನಾಗಿ ಯಾವತ್ತೂ ಹೆಪ್ಪಾಗಿರ್ಲಿಲ್ಲ ಕಣೇ!" ಅಮ್ಮನಿಗೆ ಆ ಒಲೆಯ ಬಗ್ಗೆ ಗೌರವ ಹುಟ್ಟಿದ್ದು ಅಂದೇ. ಸಮುದ್ರ ದಾಟಿ ಬಂದ ಯಂತ್ರಕ್ಕೆ ಚಂದ್ರಾ ಲೇಔಟಿನಲ್ಲಿ ಕೊನೆಗೂ ಒಂದು ನೌಕರಿ ಸಿಕ್ಕಿತು.

ಕೋಣೆ ಬೆಚ್ಚಗಾಯಿತೇ ಎಂದು ಕೇಳಿ. ಲ್ಯಾಬಿನ ಹಳೆಯ ಥರ್ಮಾಮೀಟರು ತಂದು ತೂಗುಹಾಕಿದ್ದೆ. ಒಂದು ಗಂಟೆ ಉರಿದರೆ ಎರಡು ಡಿಗ್ರಿ ಏರುತ್ತಿತ್ತು. ನಮ್ಮ ಮನೆ ಕಟ್ಟಿದವರು ಗಾಳಿ ಆಡಲಿ ಎಂದು ಗೋಡೆಗೋಡೆಗೂ ಗವಾಕ್ಷಿ ಬಿಟ್ಟಿದ್ದಾರೆ. ನಾನು ಹುಟ್ಟಿಸಿದ ಶಾಖವೆಲ್ಲ ಆ ದಾರಿಯಲ್ಲಿ ಹೋಗಿ ಪಕ್ಕದ ವಿಜಯನಗರ ಬಡಾವಣೆಯನ್ನು ಬೆಚ್ಚಗೆ ಮಾಡುತ್ತಿತ್ತು.

ಒಲೆಯ ಸೇವೆಯೋ, ಕುದುರೆಯದ್ದೂ ಇಷ್ಟಿರಲಾರದು. ದಿನಾ ಬೂದಿ ತೆಗೆಯಬೇಕು, ಬಟ್ಟಲಿನ ತೂತುಗಳನ್ನು ಕಡ್ಡಿಯಿಂದ ಚುಚ್ಚಬೇಕು, ಕಪ್ಪಾದ ಗಾಜನ್ನು ಒದ್ದೆ ಕಾಗದಕ್ಕೆ ಬೂದಿ ಹಚ್ಚಿ ಉಜ್ಜಬೇಕು. ವಾರಕ್ಕೊಮ್ಮೆ ಹೊಟ್ಟೆ ಬಿಚ್ಚಿ ತಿರುಪು ಒರೆಸಬೇಕು. ಇಷ್ಟರಲ್ಲಿ ಏನು ತಪ್ಪಿದರೂ ಅದು ಕೀಂ ಕೀಂ ಎಂದು ಕಿರುಚಿ, ಪುಟ್ಟ ಪರದೆಯ ಮೇಲೆ ಇಟಲಿಯ ಭಾಷೆಯಲ್ಲಿ ನನ್ನನ್ನು ಬೈಯುತ್ತಿತ್ತು. ಮೂರನೇ ದಿನಕ್ಕೆ ಕಿಡಿ ಹೊತ್ತಿಸುವ ಕಡ್ಡಿ ಸತ್ತುಹೋಯಿತು. ಅಂಥದ್ದು ಊರಲ್ಲೆಲ್ಲೂ ಸಿಗಲಿಲ್ಲ. ಅಜ್ಜಿ ಮಾತಾಡದೆ ತನ್ನ ಪೂಜೆಯ ಡಬ್ಬಿಯಿಂದ ಎರಡು ಬಿಲ್ಲೆ ಕರ್ಪೂರ ತೆಗೆದುಕೊಟ್ಟಳು. ಅಂದಿನಿಂದ ಇಟಲಿಯ ಯಂತ್ರ ದಿನಾ ಐದಕ್ಕೆ ಮಂಗಳಾರತಿ ಮಾಡಿಸಿಕೊಂಡೇ ಏಳುತ್ತಿತ್ತು.

ಕೊಳವೆಯ ಬಾಯಿ ಪಕ್ಕದ ಮನೆಯ ಕಾಮಾಕ್ಷಿ ಆಂಟಿ ಬಟ್ಟೆ ಒಣಹಾಕುವ ತಂತಿಯ ಕಡೆಗಿತ್ತು. ಅವರು ಮಹಡಿಯಿಂದ ಬಗ್ಗಿ ಕೇಳಿದರು: "ಏನಮ್ಮಾ, ನಮ್ಮನೆಯವರ ಶರ್ಟೆಲ್ಲ ಹೋಮಕ್ಕೆ ಹೋಗ್ಬಂದ ಹಾಗೆ ವಾಸ್ನೆ! ಏನ್ ಪೂಜೆ ದಿನಾ?"

"ಒಲೆ ಆಂಟಿ."

"ಒಲೇನಾ? ಯಾಕೆ, ಗ್ಯಾಸ್ ಬುಕ್ ಮಾಡಿಲ್ವಾ?"

ಇಷ್ಟೆಲ್ಲದರ ನಡುವೆ ನಾನು ದಿನಾ ಐದಕ್ಕೆ ಎದ್ದು, ಒಲೆ ಹಚ್ಚಿ, ಕೀಂ ಎಂದರೆ ಬಾಯಿ ಮುಚ್ಚಿಸಲು ಅದರ ಪಕ್ಕದಲ್ಲೇ ಮಣೆ ಹಾಕಿ ಕೂರುತ್ತಿದ್ದೆ. ಎರಡು ಅಡಿ ಆಚೆಗೆ ಅಜ್ಜಿ. ಥರ್ಮಾಮೀಟರು ನೋಡುವ ನೆಪದಲ್ಲಿ ಆಕೆಯ ಕೈ ನೋಡುತ್ತಿದ್ದೆ. ಮೂರು ವಾರವಾದರೂ ಟವಲು ಮಡಿಲಿನಿಂದ ಕದಲಲಿಲ್ಲ. ಶಾಖ ಸಾಲದು, ಇನ್ನಷ್ಟು ಪೆಲೆಟ್ಟು ಬೇಕು ಎಂದು ನಾನು ತೀರ್ಮಾನಿಸಿದೆ. ವಿಜ್ಞಾನಿಗಳು ಸುಲಭಕ್ಕೆ ಸೋಲೊಪ್ಪುವುದಿಲ್ಲ.

ಸಲೀಂ ಕೊಟ್ಟಿದ್ದ ಅರ್ಧ ಚೀಲ ಮುಗಿಯುತ್ತ ಬಂದಿತ್ತು. ಪೆಲೆಟ್ಟು ಎಲ್ಲಿ ಸಿಗುತ್ತದೆಂದು ಮೊಬೈಲಿನಲ್ಲಿ ಹುಡುಕಿದಾಗ ಕೆಂಗೇರಿಯ ಒಂದು ಸೌದೆ ಡಿಪೋ ಕಾಣಿಸಿತು. ಶನಿವಾರ ಕಾಲೇಜು ಮುಗಿಸಿ ಮೆಟ್ರೊ ಹತ್ತಿದೆ. ಡಿಪೋದ ಮುಂಭಾಗದಲ್ಲಿ ಸೌದೆ, ಇದ್ದಿಲಿನ ಮೂಟೆಗಳು. ಹಿಂದೆ ಕತ್ತಲಲ್ಲಿ ಇನ್ನೇನೇನೋ ಚೀಲಗಳು. ಗಲ್ಲಾದಲ್ಲಿ ಕೂತಿದ್ದ ಹಿರಿಯರು ಕನ್ನಡಕ ಸರಿಮಾಡಿಕೊಂಡರು.

"ಪೆಲೆಟ್ ಇದೆಯಾ?"

"ಐತಲ್ಲ ಮೇಡಂ. ಮನೇಲಿ ಎಷ್ಟವೆ?"

"ಒಂದೇ."

"ಒಂದಾ. ಮನೆ ಮಟ್ಟಿಗೆ ಸಾಕು ಬಿಡಿ. ಯಾವ ತಳಿ?"

ವ್ಯಾಪಾರಸ್ಥರು ಕಂಪನಿಗೆ ತಳಿ ಎನ್ನುತ್ತಾರೇನೋ ಎಂದುಕೊಂಡೆ. "ಇಟಲಿದು."

"ಇಟಲಿದಾ!" ಅವರು ಎದ್ದು ನಿಂತರು. "ಈಗ ಅಲ್ಲಿಂದಾನೂ ತರಿಸ್ತಾರಾ?"

"ನಾನು ಸೆಕೆಂಡ್ ಹ್ಯಾಂಡ್ ತಗೊಂಡೆ, ನಾಯಂಡಹಳ್ಳೀಲಿ."

"ವಯಸ್ಸಾಗಿದ್ರೆ ಕಮ್ಮಿ ಕೊಡ್ತವೆ ಮೇಡಂ, ನೋಡ್ಕೋಬೇಕು."

"ಹೌದು, ಕಮ್ಮೀನೇ ಕೊಡ್ತಿದೆ. ಅದಕ್ಕೇ ಇನ್ನೂ ಜಾಸ್ತಿ ಹಾಕೋಣ ಅಂತ."

"ಈಗ ಎಷ್ಟು ತಿನ್ನುತ್ತೆ?"

"ಗಂಟೆಗೆ ಒಂದು ಕೆಜಿ."

ಪೆಲೆಟ್ಟು ತುಂಬಲು ಎತ್ತಿಕೊಂಡಿದ್ದ ಮೊರ ಅವರ ಕೈಯಲ್ಲಿ ಹಾಗೇ ನಿಂತಿತು. "ಗಂಟೆಗಾ? ಹೊಟ್ಟೆ ನೆಟ್ಟಗೈತಾ ಅದಕ್ಕೆ?"

"ಹೊಟ್ಟೆ ಚೆನ್ನಾಗಿದೆ. ವಾರಕ್ಕೊಂದ್ಸಲ ನಾನೇ ಬಿಚ್ಚಿ ಕ್ಲೀನ್ ಮಾಡ್ತೀನಿ."

ಆಮೇಲೆ ಅವರು ಏನೂ ಕೇಳಲಿಲ್ಲ. ಬಿಡಿಯಾಗಿದ್ದ ಪೆಲೆಟ್ಟನ್ನು ಗೋಣಿಚೀಲಕ್ಕೆ ತುಂಬಿ, ಬಾಯಿ ಹೊಲಿದು, ಆಟೊಗೆ ಹಾಕಿಸಿ, "ಓದಿರೋರು, ನಿಮಗ್ ಗೊತ್ತಿರುತ್ತೆ" ಎಂದಷ್ಟೇ ಹೇಳಿದರು. ಯಂತ್ರಗಳ ಬಗ್ಗೆ ಇಷ್ಟು ಕಾಳಜಿಯುಳ್ಳ ವ್ಯಾಪಾರಿಯನ್ನು ನಾನು ಅದುವರೆಗೆ ನೋಡಿರಲಿಲ್ಲ. ದಾರಿಯುದ್ದಕ್ಕೂ ಮೆಚ್ಚಿಕೊಂಡೇ ಬಂದೆ.

ಆ ವಾರ ಅಪ್ಪ ಬಂದಿರಲಿಲ್ಲ. ಭಾನುವಾರ ಬೆಳಗ್ಗೆ ತೊಟ್ಟಿಯ ತುಂಬ ಹೊಸ ಪೆಲೆಟ್ಟು ಸುರಿದು ಕರ್ಪೂರ ಹಚ್ಚಿದೆ. ಮೊದಲು ಒಂದು ಸಿಹಿ ವಾಸನೆ ಬಂತು. ಆಮೇಲೆ ಸೀದ ವಾಸನೆ. ಬೆಂಕಿಬಟ್ಟಲಿನಲ್ಲಿ ಏನೋ ಕರಗಿ, ಚಿಕ್ಕಿಯ ಪಾಕದ ಹಾಗೆ ನೊರೆಯೆದ್ದು, ತಿರುಪಿನ ಬಾಯಿಗೆ ಮೆತ್ತಿಕೊಂಡಿತು. ಒಲೆ ಇಟಲಿಯ ಭಾಷೆಯಲ್ಲಿದ್ದ ಬೈಗುಳವನ್ನೆಲ್ಲ ಒಟ್ಟಿಗೆ ಬೈದು ಸುಮ್ಮನಾಯಿತು. ಮಹಡಿಯಿಂದ ಕಾಮಾಕ್ಷಿ ಆಂಟಿಯ ದನಿ: "ಇವತ್ತೇನು, ಬೆಲ್ಲದ ಪಾಕಾನಾ?"

ಪೂಜೆ ಮುಗಿಸಿ ಲಿಂಗವನ್ನು ಕರಡಿಗೆಗೆ ಸೇರಿಸುತ್ತಿದ್ದ ಅಜ್ಜಿ ಮೂಗು ಮೇಲೆತ್ತಿದಳು.

"ಯಾರವ್ವ ಹಿಂಡಿ ಸುಡಾಕತ್ತೀರಿ?"

ಎದ್ದು ಬಂದು ಚೀಲಕ್ಕೆ ಕೈಹಾಕಿ ನಾಲ್ಕು ಪೆಲೆಟ್ಟು ತೆಗೆದು ಮೂಸಿದಳು. ಒಂದನ್ನು ಹಲ್ಲಿನಿಂದ ಮುರಿದು, ರುಚಿ ನೋಡಿ, ಉಗುಳಿದಳು. "ಹತ್ತಿಕಾಳು ಹಿಂಡಿ, ತೌಡು, ಕಾಕಂಬಿ. ದನದ ತಿಂಡಿ ಐತಿದು ತಂಗಿ. ಹಾಲು ಹಿಂಡೋ ದನಕ್ಕ ಹಾಕ್ತಾರ."

ಅಡುಗೆಮನೆಯಿಂದ ಓಡಿಬಂದ ಅಮ್ಮ ಗಲ್ಲ ಗಲ್ಲ ಬಡಿದುಕೊಂಡಳು. "ಅಯ್ಯೋ, ಬಸವಣ್ಣನ ಊಟ ಸುಟ್ಟುಬಿಟ್ಯಲ್ಲೇ! ಅದೂ ದೇವ್ರ ಮನೆ ಮುಂದೆ! ಕೆಮಿಸ್ಟ್ರಿ ಬೇರೆ ಓದಿದೀಯ!"

ಕೊಟ್ಟಿಗೆಯ ಆಹಾರಕ್ಕೂ ಮರದ ಹೊಟ್ಟಿಗೂ ವ್ಯತ್ಯಾಸ ತಿಳಿಯದವಳು ನಾನು. ಅದು ಅಜ್ಜಿಯ ಮೂಗಿಗೆ ಅರ್ಧ ನಿಮಿಷದಲ್ಲಿ ತಿಳಿಯಿತು. ನನಗೆ ಡಿಪೋದ ಹಿರಿಯರ ಒಂದೊಂದು ಪ್ರಶ್ನೆಯೂ ಸಾಲಾಗಿ ನೆನಪಾಯಿತು. ಅವರು ಈಗಲೂ ಬಂದವರಿಗೆಲ್ಲ, ವಾರಕ್ಕೊಮ್ಮೆ ಹಸುವಿನ ಹೊಟ್ಟೆ ಬಿಚ್ಚಿ ತೊಳೆಯುವ ಮೇಡಂ ಒಬ್ಬರಿದ್ದಾರೆ ಎಂದು ಹೇಳುತ್ತಿರಬಹುದು. ಇದನ್ನು ಹೇಳಿದಾಗ ಅಜ್ಜಿ ನೆಲದ ಮೇಲೆ ಕೂತು, ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

ಮಧ್ಯಾಹ್ನ ಅಮ್ಮ ಮಲಗಿದ್ದಳು. ನಾನು ಸ್ಕ್ರೂಡ್ರೈವರು ಹಿಡಿದು ತಿರುಪಿಗೆ ಅಂಟಿದ ಪಾಕ ಕೆರೆಯುತ್ತಿದ್ದೆ. ಅಜ್ಜಿ ಬಂದು ಎದುರಿಗೆ ಕೂತಳು.

"ನಿನಗ ಖರೇನ ಚಳಿ ಆಗ್ತಿತ್ತೇನು ತಂಗಿ?"

"ಹ್ಞೂಂ."

"ಸುಳ್ಳು. ಮೊನ್ನೆ ಐಸ್‌ಕ್ರೀಮ್ ತಿಂದು ಬಂದಿದ್ದಿ, ತುಟಿ ಮ್ಯಾಲ ಇತ್ತು."

ನಾನು ಕೆರೆಯುತ್ತಲೇ ಇದ್ದೆ.

"ಅವತ್ತು ದೇವ್ರ ಮನಿ ಪರದೆ ಅಲ್ಲಾಡಿತ್ತು," ಅಜ್ಜಿ ಅಂದಳು. "ಗಾಳಿ ಇರಲಿಲ್ಲ."

ಸ್ಕ್ರೂಡ್ರೈವರು ನಿಂತಿತು. ಅಜ್ಜಿ ಎಡಗೈ ಮುಂದೆ ಚಾಚಿದಳು. ಹೊರಗೆ ಸುಡುಬಿಸಿಲು, ಕೋಣೆ ಕಾದಿತ್ತು. ಆದರೂ ಬೆರಳುಗಳು ಸಣ್ಣಗೆ ಅಲುಗುತ್ತಿದ್ದವು.

"ಚಳಿಗಲ್ಲ ಯವ್ವಾ ಇದು. ಬ್ಯಾಸಿಗ್ಯಾಗೂ ನಡುಗ್ತೈತಿ. ನಿಮ್ಮಪ್ಪ ಹ್ವಾದ ವರ್ಷನ ಡಾಕ್ಟರಿಗೆ ತೋರಿಸ್ಯಾನ. ವಯಸ್ಸಿಂದು ಅಂದ್ರು, ಗುಳಿಗಿ ಕೊಟ್ಟಾರ. ತಗೋತೀನಿ."

"ಮತ್ತೆ ಯಾಕಜ್ಜಿ ಹೇಳ್ಲಿಲ್ಲ ನಂಗೆ? ಮೂರು ವಾರದಿಂದ ಈ ದರಿದ್ರದ್ದನ್ನ ಉಜ್ತಾ ಇದೀನಿ!"

"ನೀ ಕೇಳಿದೇನು?"

ಅಜ್ಜಿ ಕರಗಿ ಗಟ್ಟಿಯಾದ ಪಾಕದ ಚೂರೊಂದನ್ನು ಉಗುರಿನಿಂದ ಎಬ್ಬಿಸಿದಳು. ನನ್ನ ಮುಖ ನೋಡದೆ ಹೇಳಿದಳು: "ದಿನಾ ಐದಕ್ಕ ಎದ್ದು ಪಕ್ಕದಾಗ ಬಂದು ಕೂರ್ತಿದ್ದೆಲ್ಲ. ಹೇಳಿದ್ರ ಒಲಿ ಬಿಡ್ತಿದ್ದಿ. ಒಲಿ ಬಿಟ್ರ ಮತ್ತ ಏಳಕ್ಕ ಏಳ್ತಿದ್ದಿ."

ಆಮೇಲೆ ಮಾತು ಮುಗಿಯಿತೆಂಬಂತೆ ಮೊಣಕಾಲಿಗೆ ಕೈಯೂರಿ ಎದ್ದಳು. "ಉಳಿದದ್ದು ದನಕ್ಕ ಹಾಕಿ ಬಾ. ಪಾಪ ಹೋಗ್ತೈತಿ."

ಸಂಜೆ ಚೀಲವನ್ನು ಸ್ಕೂಟಿಯಲ್ಲಿಟ್ಟುಕೊಂಡು ಹಿಂದಿನ ಬೀದಿಯಲ್ಲಿ ಹಸು ಕಟ್ಟಿರುವವರ ಮನೆಗೆ ಹೋಗಿ ಕೊಟ್ಟುಬಂದೆ. ಹಸು ನನ್ನ ಕೈಯಿಂದಲೇ ನಾಲ್ಕು ಹಿಡಿ ತಿಂದಿತು. ಯಾವ ದೇಶದ ಒಲೆಯೂ ಆ ಪೆ‌ಲೆಟ್ಟಿಗೆ ಅಷ್ಟು ಮರ್ಯಾದೆ ಕೊಟ್ಟಿರಲಿಲ್ಲ. ಮೊನ್ನೆ ಸಿಕ್ಕ ಚೂರು ಆಗಲೇ ಸ್ವೆಟರಿನ ಜೇಬಿಗೆ ಬಿದ್ದಿರಬೇಕು. ಒಲೆ ಆಮೇಲೆ ವರಾಂಡಕ್ಕೆ ಹೋಯಿತು, ಈಗ ಅದರ ತಲೆಯ ಮೇಲೆ ಅಮ್ಮನ ಮನಿಪ್ಲಾಂಟು ಇದೆ. ಮೊಸರು ಮಾತ್ರ ಆ ಮಟ್ಟಕ್ಕೆ ಮತ್ತೆ ಹೆಪ್ಪಾಗಿಲ್ಲವೆಂದು ಅಮ್ಮ ಇವತ್ತಿಗೂ ಕೊರಗುತ್ತಾಳೆ.

ಹಸುವಿಗೆ ಹಾಕಿ ಬಂದ ಮರುದಿನ ಬೆಳಗ್ಗೆ ಐದಕ್ಕೆ ಎದ್ದೆ. ಸ್ನಾನ ಮಾಡಿದೆ. ಒಲೆ ಹಚ್ಚಲಿಲ್ಲ, ಥರ್ಮಾಮೀಟರು ನೋಡಲಿಲ್ಲ. ಮಣೆಯನ್ನು ಎರಡು ಅಡಿ ಆಚೆಗೆ ಎಳೆದು ಅಜ್ಜಿಗೆ ತಾಗಿಕೊಂಡು ಕೂತು, ಆಕೆಯ ಎಡಗೈಯ ಕೆಳಗೆ ನನ್ನ ಎಡಗೈ ಇಟ್ಟೆ. ಎರಡೂ ಕೈ ತಣ್ಣಗಿದ್ದವು. ಅಜ್ಜಿ ನನ್ನ ಕಡೆ ತಿರುಗಲಿಲ್ಲ. ಬಲಗೈಯಿಂದ ಮಡಿಲಿನ ಟವಲನ್ನು ತೆಗೆದು, ಮಡಿಕೆ ಕೆಡದಂತೆ ಪಕ್ಕಕ್ಕಿಟ್ಟಳು.

ಹೀಗೆ, ಎಂಎಸ್ಸಿ ಪದವಿಯ ಬಲದ ಮೇಲೆ, ಒಂದು ಟವಲಿನಿಂದ ತೆರವಾದ ಜಾಗಕ್ಕೆ ನನ್ನ ನೇಮಕವಾಯಿತು.